ರೈಟ್ರಮ್ಮ ಬೈಯದ ಮಧ್ಯಾಹ್ನ

ಶ್ರೀಮಂಗಲದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಹಾಜರಿ ಹಾಕುವುದು, ಕೊಯ್ದು ತಂದ ಹಣ್ಣು ತೂಗುವುದು, ಬೈಯುವುದು ನನ್ನ ಕೆಲಸ. ಮೂರನೆಯದಕ್ಕೆ ಸಂಬಳವಿಲ್ಲ, ಆದರೂ ಅದನ್ನೇ ಹೆಚ್ಚು ಶ್ರದ್ಧೆಯಿಂದ ಮಾಡುತ್ತೇನೆ. ನನಗೆ ಶುಗರ್ ಇದೆ, ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಇದು ಗೊತ್ತಾದ ದಿನದಿಂದ, ಪಿಕ್ಕಿಂಗ್ ಹೆಂಗಸರಿಗೆ ಬೆಲ್ಲದ ಕಾಪಿ ಕಾಯಿಸುವ ಅಕ್ಕ ಬೆಲ್ಲ ಹಾಕದ ನನ್ನ ಲೋಟವನ್ನೇ ಬೇರೆ ಇಟ್ಟುಬಿಟ್ಟರು. ಯಾರ ಮನೆಯಿಂದ ಸಿಹಿ ಬಂದರೂ ಅದು ನನ್ನ ಕಡೆ ತಿರುಗದಂತೆ ಕಾವಲು ಕಾಯುತ್ತಿದ್ದರು.

ಈ ಸಲ ಕೊಯ್ಲಿಗೆ ಮೊದಲು ಆಸ್ಪತ್ರೆಯ ನರ್ಸ್ ನನ್ನನ್ನು ತರಾಟೆಗೆ ತೆಗೆದುಕೊಂಡರು. ಊಟ ತಡವಾದರೆ ಸಕ್ಕರೆ ಕೆಳಗಿಳಿದು ತಲೆ ಮಂಕಾಗುತ್ತದೆ, ಆಗ ನಿಮ್ಮನ್ನು ನೀವೇ ನೋಡಿಕೊಳ್ಳಲಾರಿರಿ, ಜೊತೆಯವರಿಗೆ ಹೇಳಿಕೊಡಿ ಎಂದರು. ಹೇಳಿಕೊಡುವುದೆಂದರೆ ನನಗೆ ಎಲ್ಲಿಲ್ಲದ ಹುರುಪು. ಮರುದಿನವೇ ಎಲ್ಲರನ್ನೂ ತೂಕದ ಶೆಡ್ಡಿನಲ್ಲಿ ಕೂರಿಸಿದೆ. ಸಕ್ಕರೆ ಡಬ್ಬಿ ಇಲ್ಲಿ, ಶುಗರ್ ನೋಡುವ ಮಷಿನ್ ಅಲ್ಲಿ, ಜೀಪ್ ಡ್ರೈವರ್ ನಂಬರ್ ಗೋಡೆಯ ಮೇಲೆ. ಎಚ್ಚರವಿದ್ದರೆ ಸಿಹಿ ಕುಡಿಸಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಸಾಗಿಸಿ. ಬೆವರುವುದು, ಕೈ ನಡುಗುವುದು, ತೂರಾಡುವುದು ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಚಪ್ಪಾಳೆಯೇ ಬಿತ್ತು.

"ಮತ್ತೆ ಎಂಥ ಆಗ್ತದೆ?" ಒಬ್ಬಳು ಕೇಳಿದಳು.

"ಸುಮ್‌ಸುಮ್ನೆ ಸಿಟ್ಟು ಬರ್ತದೆ" ಎಂದೆ.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಹಣ್ಣಿನ ಜೊತೆ ಹಸಿ ಕಾಯಿ ಬೆರೆಸಿದವಳನ್ನು ಗದರಿದರೆ ಅವಳು ಗಂಭೀರವಾಗಿ ಸಕ್ಕರೆ ಡಬ್ಬಿ ತಂದು ಹಿಡಿದಳು. ತಡವಾಗಿ ಬಂದವಳು ಸೆರಗಿನ ಗಂಟಿನಿಂದ ಬೆಲ್ಲ ಬಿಚ್ಚಿದಳು. ಕಾಪಿ ಅಕ್ಕ ಮಾತ್ರ ಒಪ್ಪಲಿಲ್ಲ.

"ಅದು ಕಾಯಿಲೆ ಅಲ್ಲ, ಅವರ ಗುಣ. ಡಬ್ಬಿ ಒಳಗಿಡಿ."

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಒಳಗೊಳಗೇ ಹೆದರಿಕೆ ಇತ್ತು. ನಿಜವಾಗಿ ಸಕ್ಕರೆ ಇಳಿದ ದಿನವೂ ಇವರು ಡಬ್ಬಿ ಬಚ್ಚಿಟ್ಟರೆ ನನ್ನ ಗತಿ ಏನು?

ಜನವರಿಯ ಒಂದು ಮಧ್ಯಾಹ್ನ ಹಣ್ಣು ಒಯ್ಯುವ ಲಾರಿ ಬೇಗ ಬಂತು. ಊಟ ಬಿಟ್ಟು ತೂಕಕ್ಕೆ ನಿಂತೆ. ಮುಂದಿನದು ನನಗೆ ನೆನಪಿಲ್ಲ, ಅವರು ಹೇಳಿದ್ದು. ಒಂದು ಚೀಲದ ಕಟ್ಟು ಬಿಚ್ಚಿ ಹಣ್ಣೆಲ್ಲ ಮಣ್ಣಿಗೆ ಚೆಲ್ಲಿತಂತೆ. ಎಲ್ಲರೂ ಉಸಿರು ಬಿಗಿಹಿಡಿದು ನನ್ನ ಬಾಯಿ ನೋಡಿದರಂತೆ. ನಾನು "ಪರ್ವಾಗಿಲ್ಲ ಬಿಡಿ" ಎಂದೆನಂತೆ, ಅದೂ ನಗುನಗುತ್ತಾ.

ಆ ಮಾತು ಕೇಳಿದ್ದೇ ತಡ, ಕಾಪಿ ಅಕ್ಕ ಒಲೆ ಬಿಟ್ಟು ಓಡಿ ಬಂದರಂತೆ. ನನಗೆ ನೆನಪಿರುವುದು ತುಟಿಗೆ ತಾಗಿದ ಲೋಟ. ಉಗುರು ಬೆಚ್ಚಗಿನ ಕಾಪಿ, ಪಾಕದಂಥ ಸಿಹಿ. ಮುಖ ತಿರುಗಿಸಿದೆ.

"ನಂಗೆ ಬೆಲ್ಲ ಆಗುದಿಲ್ಲ."

"ಇಷ್ಟು ವರ್ಷ ಬೇಡ ಅಂದದ್ದೂ ನಾನೇ, ಈಗ ಕುಡೀರಿ ಅನ್ನುದೂ ನಾನೇ. ಬಾಯಿ ತೆಗೀರಿ."

ಗುಟುಕು ಗುಟುಕಾಗಿ ಕುಡಿದೆ. ಸ್ವಲ್ಪ ಹೊತ್ತಿಗೆ ಶೆಡ್ಡು, ತಕ್ಕಡಿ, ಮುಖಗಳು ಒಂದೊಂದಾಗಿ ತಿಳಿಯಾದವು. ಒಬ್ಬಳು ಮಷಿನ್ ಹಿಡಿದು ನಿಂತಿದ್ದಳು, ಇನ್ನೊಬ್ಬಳು ನನ್ನ ಊಟದ ಡಬ್ಬಿ ಬಿಚ್ಚಿದ್ದಳು, ಜೀಪು ಬಾಗಿಲಿಗೇ ಬಂದಿತ್ತು. ಹೇಳಿಕೊಟ್ಟದ್ದು ಒಂದೂ ತಪ್ಪಿರಲಿಲ್ಲ. ಖುಷಿಯಲ್ಲಿ ನನಗೆ ಅಳುವೇ ಬಂತು. ಆಮೇಲೆ, ಮಣ್ಣಲ್ಲಿ ಚೆಲ್ಲಿ ಬಿದ್ದಿದ್ದ ಹಣ್ಣು ಕಣ್ಣಿಗೆ ಬಿತ್ತು.

"ಯಾವಳೇ ಈ ಚೀಲ ಕಟ್ಟಿದ್ದು?"

ಇಡೀ ಶೆಡ್ಡು ಹೋ ಎಂದು ನಕ್ಕಿತು. ಕಾಪಿ ಅಕ್ಕ ಮಾತ್ರ ನೆಲದ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು.

"ಬಂದ್ರು," ಎಂದರು, "ನಮ್ಮ ರೈಟ್ರಮ್ಮ ವಾಪಸ್ ಬಂದ್ರು."