ಕಾಲು ಹಿಡಿಸಿದ ಟೀಚರ್

ನಮ್ಮ ಟೀಚರ ಬಲ ಹೆಗಲಿನ ಹತ್ತಿರ ಒಂದು ಮೂಳೆ ನಿಂಬೆಹಣ್ಣಿನಷ್ಟು ಉಬ್ಬಿಕೊಂಡಿತ್ತು. ಸೆರಗು ಎಷ್ಟು ಎಳೆದು ಹೊದ್ದರೂ ಮುಚ್ಚುತ್ತಿರಲಿಲ್ಲ. ಅದು ಹೇಗಾಯಿತೆಂದು ಕೇಳಿದರೆ ಒಂದು ದಿನ ಮಾವಿನ ಮರದಿಂದ ಬಿದ್ದೆ ಎನ್ನುತ್ತಿದ್ದರು, ಇನ್ನೊಂದು ದಿನ ನಂಗಲಿಯಲ್ಲಿ ಲಾರಿ ಇಳಿಯುವಾಗ ಜಾರಿದೆ ಎನ್ನುತ್ತಿದ್ದರು. ಯಾವುದು ನಿಜ ಎಂದು ನಾವು ಪಟ್ಟು ಹಿಡಿದರೆ, "ಪೋನೀಲೇ ಅಮ್ಮಾಯ್, ಹೋಗ್ಲಿ ಬಿಡು, ನಿನಗೆ ಯಾವ್ದು ಇಷ್ಟವೋ ಅದನ್ನ ಇಟ್ಕೋ" ಎಂದು ಸೀಟಿ ಊದಿಬಿಡುತ್ತಿದ್ದರು.

ಮುಳಬಾಗಿಲಿನ ನಮ್ಮ ಹೈಸ್ಕೂಲಿಗೆ ಅವರು ಡ್ರಿಲ್ ಟೀಚರ್. ಹತ್ತಿಯ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಹುಡುಗಿಯರು ಕಬಡ್ಡಿ ಆಡುವುದೆಂದರೆ ಊರವರಿಗೆ ತಮಾಷೆ. ಕಾಂಪೌಂಡಿನ ಮೇಲೆ ಕೂತು ಸಿಳ್ಳೆ ಹಾಕುವವರಿದ್ದರು. ಟೀಚರ್ ಆ ಹುಡುಗರಲ್ಲಿ ಒಬ್ಬನನ್ನು ಕರೆದು ಮೈದಾನಕ್ಕೆ ನೀರು ಹಾಕಲು ಹಚ್ಚಿದರು. ಸ್ವಲ್ಪ ದಿನದಲ್ಲಿ ಉಳಿದವರೂ ಬಿಂದಿಗೆ ಹಿಡಿದು ಬಂದರು.

ನಾನು ಬೈರಕೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಉಸಿರು ಕಟ್ಟಿ "ಕಬಡ್ಡಿ ಕಬಡ್ಡಿ" ಎನ್ನುತ್ತಾ ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವುದು ನನ್ನ ಕೆಲಸ. "ಮುಖ ನೋಡ್ಬೇಡ ಕಣೇ, ಮುಖ ಸುಳ್ಳು ಹೇಳುತ್ತೆ. ಸೊಂಟ ನೋಡು, ಅವಳು ಎತ್ಲಾಗೆ ಹಾರ್ತಾಳೆ ಅಂತ ಗೊತ್ತಾಗುತ್ತೆ" ಎಂದು ಅವರು ಹೇಳಿಕೊಟ್ಟಿದ್ದರು.

ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ನಾವು ಜಿಲ್ಲಾ ಫೈನಲ್ ತಲುಪಿದೆವು. ಕೋಲಾರದಲ್ಲಿ ಮಾಲೂರು ತಾಲ್ಲೂಕಿನ ತಂಡದ ಎದುರು ಆಟ. ಗೆದ್ದ ತಂಡ ಬೆಂಗಳೂರಿಗೆ ರಾಜ್ಯಮಟ್ಟದ ಪಂದ್ಯಕ್ಕೆ ಹೋಗಬೇಕು. ನಮ್ಮಪ್ಪ ಹೊಲದಲ್ಲಿ ಬದನೆ ಬಿಡಿಸುತ್ತಲೇ ನನಗೆ ಹೇಳಿದ್ದ: "ಬೆಂಗಳೂರವರ್ಗೂ ಹೋದ್ರೆ ಕಾಲೇಜಿಗೆ ಕಳಿಸ್ತೀನಿ. ಇಲ್ದಿದ್ರೆ ಓದಿದ್ದು ಸಾಕು." ನಾನು ಈ ಮಾತನ್ನು ಟೀಚರಿಗೆ ಹೇಳಿರಲಿಲ್ಲ.

ಮೊದಲರ್ಧ ನಮ್ಮದೇ ಆಗಿತ್ತು. ಮಾಲೂರಿನವರ ಜೊತೆ ಬರಬೇಕಿದ್ದ ಮೇಷ್ಟ್ರು ಅದೇಕೋ ಬಂದಿರಲಿಲ್ಲ. ಟೇಕಲ್ ಕಡೆಯ ಒಬ್ಬ ಸಣಕಲು ಹುಡುಗಿ ಮೂಲೆಯಲ್ಲಿ ಆಡುತ್ತಿದ್ದಳು. ವಿರಾಮದ ಹೊತ್ತಿಗೆ ಅವಳು ಕುಂಟುತ್ತಾ ಹೋಗಿ ನೆಲದ ಮೇಲೆ ಕೂತಳು, ಉಳಿದವರು ಏನು ಮಾಡುವುದೆಂದು ತಿಳಿಯದೆ ಸುತ್ತ ನಿಂತರು. ನಾವು ನಮ್ಮ ಟೀಚರಿಗಾಗಿ ಕಾದೆವು. ಅವರು ನಮ್ಮ ಕಡೆ ಬರಲಿಲ್ಲ. ನೆಟ್ಟಗೆ ಅಡ್ಡ ಹಾದು ಮಾಲೂರಿನವರ ಹತ್ತಿರ ಹೋಗಿ, ಮಂಡಿಯೂರಿ ಕೂತರು. ಬೆನ್ನು ನಮ್ಮ ಕಡೆಗಿತ್ತು. ಅವರು ಆ ಹುಡುಗಿಯ ಕಾಲಿನ ಗಂಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಏನೋ ಹೇಳುತ್ತಿದ್ದುದನ್ನು ನಾನು ನೋಡಿದೆ. ಸೀಟಿ ಊದುವವರೆಗೂ ಅಲ್ಲೇ ಇದ್ದರು.

ನನ್ನ ತಲೆ ಕೆಟ್ಟುಹೋಯಿತು. ಇವರು ಯಾರ ಟೀಚರ್? ಆಟ ಶುರುವಾದ ಮೇಲೂ ನನ್ನ ಕಣ್ಣು ಗೆರೆಯಾಚೆ ನಿಂತ ಅವರನ್ನೇ ಹುಡುಕುತ್ತಿತ್ತು. ಒಂದೊಂದೇ ಅಂಕ ಕೈಬಿಟ್ಟು ಕೊನೆಗೆ ಸರಿಸಮ ಆಯಿತು. ಕೊನೆಯ ದಾಳಿ ನನ್ನದು. ಪಟ್ಟಿ ಕಟ್ಟಿಕೊಂಡು ಮೂಲೆಯಲ್ಲಿ ನಿಂತಿದ್ದ ಆ ಕುಂಟಿಯನ್ನು ಮುಟ್ಟಿ ಬಂದರೆ ಸಾಕೆಂದುಕೊಂಡು ಕಾಲು ಚಾಚಿದೆ. ಅವಳು ಮುಂದಕ್ಕೆ ಬಿದ್ದು ನನ್ನ ಕಾಲಗಂಟನ್ನು ಎರಡೂ ಕೈಯಲ್ಲಿ ಹಿಡಿದಳು. ಬಾಯಿಗೆ ಮಣ್ಣು ಹೋಯಿತು, ಉಸಿರು ಹೋಯಿತು, ಆಟ ಹೋಯಿತು.

ವಾಪಸ್ ಬರುವ ಬಸ್ಸಿನಲ್ಲಿ ಟೀಚರ್ ಕರ್ಚೀಫಿನಲ್ಲಿ ಕಟ್ಟಿದ್ದ ಹುರಿಗಡಲೆ ನಮ್ಮ ಕಡೆ ಚಾಚಿದರು, ಯಾರೂ ಮುಟ್ಟಲಿಲ್ಲ. ನಾನೇ ಕೇಳಿದೆ.

"ಕಾಲು ಹಿಡಿಯೋದನ್ನ ಅವಳಿಗೆ ನೀವು ಹೇಳ್ಕೊಟ್ರಾ ಟೀಚರ್?"

ಅವರು ಹುರಿಗಡಲೆಯ ಕರ್ಚೀಫನ್ನು ಮತ್ತೆ ಗಂಟು ಹಾಕಿದರು.

"ಹ್ಞೂಂ ಕಣೇ. ನಾನೇ ಹೇಳ್ಕೊಟ್ಟೆ."

"ಯಾಕೆ?"

"ಏನೋ. ಹೇಳ್ಕೊಡ್ಬೇಕು ಅನ್ನಿಸ್ತು."

ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಬಸ್ ಇಳಿದ ಮೇಲೆ ಹಿಂತಿರುಗಿ ಕೂಡ ನೋಡಲಿಲ್ಲ. ಪರೀಕ್ಷೆ ಮುಗಿಯುವವರೆಗೂ ಅವರ ಜೊತೆ ಮಾತು ಬಿಟ್ಟೆ. ಅವರೂ ಕರೆದು ಸಮಾಧಾನ ಮಾಡಲಿಲ್ಲ.

ರಜೆಯಲ್ಲಿ ಒಂದು ಮಧ್ಯಾಹ್ನ ಅವರು ಬೈರಕೂರಿನ ನಮ್ಮ ಮನೆಗೇ ಬಂದರು. ಬಸ್ ಕೆಟ್ಟು ನಿಂತಿತ್ತಂತೆ, ಬಿಸಿಲಿನಲ್ಲಿ ನಡೆದು ಬಂದು ಶೂ ಕೆಂಪಾಗಿತ್ತು. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ಜಗಲಿಯ ಮೇಲೆ ಕೂತು ಅಪ್ಪನಿಗೆ ಹೇಳಿದರು.

"ನೋಡಿ, ಫೈನಲಲ್ಲಿ ನಿಮ್ಮ ಹುಡುಗಿ ಸೋಲ್ಲಿಲ್ಲ. ನಾನು ಸೋಲಿಸ್ದೆ. ಅವಳನ್ನ ಹೆಂಗೆ ಹಿಡೀಬೇಕು ಅಂತ ಎದುರಿನವ್ರಿಗೆ ಹೇಳ್ಕೊಟ್ಟೋಳು ನಾನು. ತಪ್ಪು ನಂದು, ಅದಕ್ಕೆ ಅವಳು ಯಾಕೆ ಮನೇಲಿ ಕೂತ್ಕೋಬೇಕು?"

ಅಪ್ಪ ಧೂಳು ಮೆತ್ತಿದ ಅವರ ಶೂ ನೋಡಿದ. ಆಮೇಲೆ, "ಸರಿ ಟೀಚರಮ್ಮ, ಕಳಿಸ್ತೀನಿ" ಎಂದ. ಅಪ್ಪನ ಷರತ್ತನ್ನು ಅವರಿಗೆ ಯಾರು ಹೇಳಿದರೋ, ಬಾಗಿಲ ಹಿಂದೆ ನಿಂತಿದ್ದ ನನಗೆ ಏನೂ ಅರ್ಥವಾಗಲಿಲ್ಲ. ನನ್ನನ್ನು ಕೆಡವಿದವರೇ ಎತ್ತುವುದಕ್ಕೂ ಬಂದಿದ್ದರು. ಅವರ ಮೇಲೆ ಸಿಟ್ಟು ಮಾಡಬೇಕೋ ಕೈಮುಗಿಯಬೇಕೋ ತಿಳಿಯದೆ ಹಿತ್ತಲಿಗೆ ಹೋಗಿ ನಿಂತೆ.

ಕಾಲೇಜಾಯಿತು, ವ್ಯಾಯಾಮ ಶಿಕ್ಷಣದ ತರಬೇತಿಯಾಯಿತು, ಶ್ರೀನಿವಾಸಪುರದ ಶಾಲೆಯಲ್ಲಿ ನನಗೂ ಡ್ರಿಲ್ ಟೀಚರ್ ಕೆಲಸ ಸಿಕ್ಕಿತು. ಹಬ್ಬಕ್ಕೆ ಬಂದಾಗ ಅವರ ಮನೆಗೆ ಹೋಗುತ್ತಿದ್ದೆ. ಫೈನಲ್‌ನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಎಂಬತ್ತರ ದಶಕ ಮುಗಿಯುವ ಮೊದಲೇ, ಕಾಮಾಲೆ ತಿರುಗಿ ಅವರು ತೀರಿಕೊಂಡರು.

ಮಣ್ಣು ಮಾಡುವ ದಿನ ಮುಳಬಾಗಿಲಿನ ಅವರ ಅಂಗಳದಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕೂತಳು. ಎಷ್ಟು ದಪ್ಪಗಾಗಿದ್ದರೂ ಗುರುತು ಸಿಕ್ಕಿತು. ಟೇಕಲ್‌ನ ಆ ಮೂಲೆಯ ಹುಡುಗಿ.

"ಅವತ್ತು ಕಾಲು ಹಿಡಿಯೋದು ನಿಂಗೆ ಚೆನ್ನಾಗೇ ಹೇಳ್ಕೊಟ್ಟಿದ್ರು" ಎಂದೆ.

ಅವಳು ಅತ್ತು ಕೆಂಪಾದ ಕಣ್ಣು ಬಿಟ್ಟು ನನ್ನನ್ನು ನೋಡಿದಳು.

"ಯಾರಕ್ಕ? ಟೀಚರಾ? ಅವ್ರೇನೂ ಹೇಳ್ಕೊಡ್ಲಿಲ್ಲ. ನನ್ನ ಕಾಲು ಉಳುಕಿತ್ತು. ನೀವಿ ಪಟ್ಟಿ ಕಟ್ಟಿದ್ರು. ನಾವು ಆಟ ಬಿಟ್ಟು ಊರಿಗೆ ಹೋಗ್ತೀವಿ ಅಂದ್ವಿ. ಅಷ್ಟು ದೂರದಿಂದ ಬಂದಿದ್ದೀರ, ಆಡಿಬಿಟ್ಟು ಹೋಗ್ರೇ ಅಂದ್ರು. ಅಷ್ಟೇ."

"ಮತ್ತೆ ನನ್ನ ಕಾಲು?"

"ನೀವೇ ತಂದು ನನ್ನ ಮುಂದೆ ಇಟ್ರಿ. ಹಿಡ್ಕೊಂಡೆ."

ಹಾಗಾದರೆ ಬಸ್ಸಿನಲ್ಲಿ "ನಾನೇ" ಎಂದದ್ದು ಏಕೆ? ಆಗಲೇ ಅವರಿಗೆ ಅಪ್ಪನ ಷರತ್ತು ಯಾರಿಂದಲಾದರೂ ತಿಳಿದಿತ್ತೆ? ಕುಂಟುವವಳ ಕೈಗೆ ಸಿಕ್ಕಿಬಿದ್ದ ನಾಚಿಕೆಗಿಂತ ತಮ್ಮ ಮೇಲಿನ ಸಿಟ್ಟೇ ನನಗೆ ಹಗುರವೆಂದುಕೊಂಡರೆ? ಅಥವಾ ಹೆಗಲಿನ ಮೂಳೆಯ ಕಥೆಯಂತೆ, ಆ ಗಳಿಗೆಗೆ ಬಾಯಿಗೆ ಬಂದದ್ದನ್ನು ಹೇಳಿದರೆ? ಕೇಳಬೇಕಾದವರನ್ನು ಚಟ್ಟದ ಮೇಲೆ ಮಲಗಿಸಿದ್ದರು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಮುದ್ದೆ ಮುರಿಯುತ್ತಾ ತಲೆಯಾಡಿಸಿದ.

"ಆ ಯಮ್ಮ ಸುಳ್ಳು ಹೇಳ್ತಾವ್ರೆ ಅಂತ ನಂಗೆ ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕಪ್ಪ ಒಪ್ಕೊಂಡೆ?"

"ನಮ್ಮ ಮಗೂಗೋಸ್ಕರ ಆ ಬಿಸಿಲಲ್ಲಿ ನಡ್ಕೊಂಡು ಬಂದು ಒಬ್ರು ಸುಳ್ಳು ಹೇಳ್ತಾವ್ರೆ ಅಂದ್ರೆ, ಹೆಂಗಮ್ಮ ಇಲ್ಲ ಅನ್ಲಿ?"