ಅಂಚು ಹಿಡಿದ ಮೇಲ್ವಿಚಾರಕರು

ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗಕ್ಕೆ ಮೇಲ್ವಿಚಾರಕರಾಗಿದ್ದ ಮಹಾನುಭಾವರು ಹುಟ್ಟಿದಾರಭ್ಯ ಒಂದು ತೀರ್ಮಾನವನ್ನೂ ಸ್ವಂತವಾಗಿ ಮಾಡಿದವರಲ್ಲ. ಚಿಕ್ಕಂದಿನಲ್ಲಿ ಯಾವ ಅಂಗಿ ತೊಡಬೇಕೆಂದು ಅವರಮ್ಮ ಹೇಳುತ್ತಿದ್ದರು. ಮದುವೆಯಾದ ಮೇಲೆ ಆ ಹೊರೆಯನ್ನು ಹೆಂಡತಿ ಹೊತ್ತರು. ಕೆಲಸದವರು ಜಗಳವಾಡಿದರೆ 'ನೋಡೋಣ' ಎಂದು ಹೇಳಿ, ಅದು ತಾನಾಗಿ ತಣ್ಣಗಾಗಲೆಂದು ಬೆನ್ನು ತಿರುಗಿಸಿ ಕೂರುತ್ತಿದ್ದರು. ಕೆಲಸದ ಹೆಂಗಸರೆಲ್ಲ ಅವರಿಗೆ ನೋಡೋಣಪ್ಪ ಎಂದೇ ಹೆಸರಿಟ್ಟಿದ್ದರು. ಇಂಥವರ ಮೇಜಿನ ಮೇಲೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಕೃತಕ ಬುದ್ಧಿಯ ಕಂಪ್ಯೂಟರು ಬಂದು ಕೂತರೆ ಕೇಳಬೇಕೆ? ಹೆತ್ತ ತಾಯಿ ಮರಳಿ ಬಂದಷ್ಟು ಸಂತೋಷವಾಯಿತು.

ಆ ವಿಭಾಗದಲ್ಲಿ ಮಂಚದ ದೊಡ್ಡ ಚಾದರಗಳನ್ನು ಮಡಿಸಲು ಇಬ್ಬರು ಹೆಂಗಸರಿದ್ದರು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಎದುರುಬದುರು ನಿಂತು ಅಂಚು ಹಿಡಿದು, ಒದರಿ, ಸುಕ್ಕು ಹೋಗುವಂತೆ ಎಳೆದು, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಈಚೆಗೆ, ಇಬ್ಬರಲ್ಲಿ ಹಿರಿಯಳಾದ ದೊಡ್ಡಕ್ಕನ ಕೈಯಿಂದ ಸರಿಯಾಗಿ ಎಳೆಯುವ ಹೊತ್ತಿಗೆ ಅಂಚು ಜಾರುತ್ತಿತ್ತು. ಒಗೆದ ಚಾದರ ನೆಲಕ್ಕೆ ಬಿದ್ದು ಮತ್ತೆ ಯಂತ್ರಕ್ಕೆ. ಜೊತೆಯವಳ ಗಂಟಲಿನ ಮುಂದೆ ಒಗೆಯುವ ಯಂತ್ರಗಳೂ ಸೋಲಬೇಕು; ಅವಳಿಗೆ ಸೈರನ್ನಮ್ಮ ಎಂದೇ ಹೆಸರು. ತನ್ನ ಮೇಲಿನ ಹೊಟ್ಟೆಕಿಚ್ಚಿಗೆ ದೊಡ್ಡಕ್ಕ ಬೇಕಂತಲೇ ಬಿಡುತ್ತಾಳೆ ಎಂದು ಅವಳು ದೂರು ಒಯ್ದಳು.

ಮೇಲ್ವಿಚಾರಕರು ಸೈರನ್ನಮ್ಮ ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಕಂಪ್ಯೂಟರಿಗೆ ಒಪ್ಪಿಸಿದರು. ದೊಡ್ಡಕ್ಕ ಏನೂ ಹೇಳಿರಲಿಲ್ಲವಲ್ಲ, ಅವಳ ಪಾಲಿಗೆ ಏನೂ ಬರೆಯಲಿಲ್ಲ. ಅಷ್ಟು ನ್ಯಾಯವಂತರು. ಬೇಕೆಂದೇ ಮಾಡಿದ್ದು ಖಚಿತವಾದರೆ ಎಚ್ಚರಿಕೆ ಕೊಡಬಹುದು ಎಂದು ಉತ್ತರ ಬಂತು. ಅದರ ಕೆಳಗೆ, ನನಗೆ ತಿಳಿದಿರುವುದು ಒಬ್ಬರ ಮಾತು ಮಾತ್ರ, ಇನ್ನೊಬ್ಬರನ್ನು ಬೇರೆಯಾಗಿ ಕರೆದು ಕೇಳಿ, ಕಾರಣ ಬೇರೆ ಇರಬಹುದು, ತೀರ್ಮಾನ ನೀವೇ ಮಾಡಬೇಕು ಎಂದೂ ಇತ್ತು. ಕೊನೆಯ ಮಾತು ಕಂಡದ್ದೇ ಅವರು ಪರದೆಯ ಆ ಭಾಗವನ್ನು ಅಂಗೈಯಿಂದ ಮುಚ್ಚಿದರು. ಇಂಥ ಅಪಶಕುನ ಯಾಕೆಂದು ಎಚ್ಚರಿಕೆಯ ಮಾತನ್ನಷ್ಟೇ ಆರಿಸಿಕೊಂಡು ಎಲ್ಲರೆದುರು ಓದಿದರು.

"ಇದು ನಾನು ಹೇಳ್ತಿರೋದಲ್ಲಮ್ಮ, ಯಂತ್ರ ಹೇಳ್ತಿರೋದು. ಅದಕ್ಕೆ ನೀನೂ ಒಂದೇ, ಅವಳೂ ಒಂದೇ."

ದೊಡ್ಡಕ್ಕ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ಹೊರಟುಹೋದಳು. ಮರುದಿನ ಬರಲಿಲ್ಲ.

ಚಾದರಗಳು ಮಾತ್ರ ತಪ್ಪದೆ ಬಂದವು. ರಾಶಿ ಬಿತ್ತು. ಸೈರನ್ನಮ್ಮನ ಎದುರು ನಿಲ್ಲುವ ಗುಂಡಿಗೆ ಯಾರಿಗೂ ಇಲ್ಲದೆ ಮೇಲ್ವಿಚಾರಕರೇ ಅಂಚು ಹಿಡಿದರು. ಅವಳು ಜಗ್ಗಿ ಎಳೆದಳು. ಚಾದರ ನೆಲಕ್ಕೆ. ಇನ್ನೊಂದನ್ನೂ ಹಾಗೇ ಎಳೆದಳು, ಅದೂ ನೆಲಕ್ಕೆ.

"ನೀವೂ ಬೇಕಂತಲೇ ಬಿಡ್ತಿದ್ದೀರಾ ಸರ್?" ಎಂದವಳು, ಹೇಳಿದ ಮೇಲೆ ಯಾಕೋ ಜಗ್ಗಿ ಎಳೆದ ತನ್ನ ಕೈಗಳನ್ನೇ ನೋಡಿಕೊಂಡಳು.

ಹೋದವಳನ್ನು ಕರೆತರುವುದು ಹೇಗೆಂದು ಅವರು ಕಂಪ್ಯೂಟರನ್ನು ಕೇಳಿದರು. ಅದು ಮೊದಲಿನ ಮಾತನ್ನೇ ಹೇಳಿತು, ಅವಳನ್ನೇ ಹೋಗಿ ಕೇಳಿ ಎಂದು. ಹಾಗಾದರೆ ಕ್ಷಮೆ ಕೇಳುವ ಮಾತನ್ನಾದರೂ ಬರೆದುಕೊಡು ಎಂದು ಗೋಗರೆದರು. ಅದು ಬರೆದುಕೊಟ್ಟದ್ದನ್ನು ಫೋನಿಗೆ ಹಾಕಿಕೊಂಡು ದೊಡ್ಡಕ್ಕನ ಮನೆಗೆ ಹೋದರು.

ಕಿರಿದಾದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆ. ದೊಡ್ಡಕ್ಕ ಬಟ್ಟೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು ಮಗಳ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಅವರು ಬಾಗಿಲಲ್ಲೇ ನಿಂತು ಎಲ್ಲವನ್ನೂ ಓದಿದರು.

"ಚೆನ್ನಾಗಿದೆ. ನೀವೇನು ಹೇಳ್ತೀರಿ?" ಎಂದಳು.

ಅವರು ಫೋನು ಕೆಳಗಿಳಿಸಿದರು. "ನಾನು ನಿನ್ನನ್ನ ಕೇಳಲೇ ಇಲ್ಲ. ಯಾಕಮ್ಮ ಅಂಚು ಬಿಡ್ತಿದ್ದೆ?"

"ಎಡಗೈ ಬೆರಳೆಲ್ಲ ಜೋಮು ಹಿಡಿಯುತ್ತೆ. ಹಿಡಿದಿದ್ದೀನೋ ಬಿಟ್ಟಿದ್ದೀನೋ ನನಗೇ ಗೊತ್ತಾಗಲ್ಲ. ಹೇಳಿದ್ರೆ ಮನೆಗೆ ಹೋಗು ಅಂತಿದ್ರಿ."

ಅವರ ಬೆರಳು ಫೋನಿನ ಮೇಲೆ ಆಡತೊಡಗಿತು. ದೊಡ್ಡಕ್ಕ ಸೂಜಿ ನಿಲ್ಲಿಸಿ ಕಾಯುತ್ತಿದ್ದಳು.

"ಹರಿದ ಚಾದರ ಹೊಲಿಯೋರು ಯಾರೂ ಇಲ್ಲ. ಆ ಕೆಲಸಕ್ಕೆ ಕೂತ್ಕೋ. ಮೊದಲು ಕೈ ಡಾಕ್ಟರಿಗೆ ತೋರಿಸು," ಎಂದುಬಿಟ್ಟರು. ಹೇಳಿದವರು ಯಾರೆಂದು ಹಿಂತಿರುಗಿ ನೋಡಬೇಕೆನ್ನಿಸಿತು ಅವರಿಗೆ.

ಎಲ್ಲರೆದುರು ಓದಿದ್ದನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಂಡರೆ ಬರುತ್ತೇನೆಂದಳು ದೊಡ್ಡಕ್ಕ. ಮರುದಿನ ಮೇಲ್ವಿಚಾರಕರು ಯಂತ್ರಗಳನ್ನು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ, ವಿಚಾರಿಸದೆ ಓದಿದ್ದು ತಮ್ಮದೇ ತಪ್ಪು ಎಂದು ಹೇಳಿದರು. ಹೊಲಿಗೆಯ ಮೇಜಿಗೆ ಕುರ್ಚಿ ಎಳೆದುಕೊಟ್ಟವಳು ಸೈರನ್ನಮ್ಮ. ಒಂದು ಮಾತೂ ಆಡಲಿಲ್ಲ, ಅದೇ ದೊಡ್ಡದು. ದೊಡ್ಡಕ್ಕನಿಗೆ ಆ ಜಾಗ ಕೊಟ್ಟ ತೀರ್ಮಾನ ಮಾತ್ರ ಕಂಪ್ಯೂಟರಿನದು ಎಂದು ಅವರು ಮೇಲಿನವರಿಗೆ ತಿಳಿಸಿದರು. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಬೈಸಿಕೊಳ್ಳುವುದಕ್ಕೆ ಒಬ್ಬರು ಇರಬೇಕಲ್ಲ.