ಅಜ್ಜಿಯ ಮಂಡಿನೋವು

"ಅಯ್ಯಯ್ಯೋ, ಸತ್ತೇ ಕಣವ್ವೋ!" ಎಂದು ಆ ಅಜ್ಜಿ ಕಿರುಚಿದಾಗ ನಾನಿನ್ನೂ ಅವರ ಮಂಡಿಯನ್ನು ಮುಟ್ಟಿಯೇ ಇರಲಿಲ್ಲ.

ನಾನು ತರೀಕೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅಜ್ಜಿಯ ಜೊತೆ ಬಂದಿದ್ದ ಮಗನನ್ನು ಪರದೆಯಾಚೆ ನಿಲ್ಲಿಸಿದ್ದೆ. ಸೊಸೆ ಒಳಗಿದ್ದಳು. ಗಾಬರಿಯಾದ ನನ್ನನ್ನು ಅಜ್ಜಿ ಹತ್ತಿರಕ್ಕೆಳೆದು, "ನಂಗೇನೂ ಆಗಿಲ್ಲ ಕಣವ್ವಾ. ಇವ್ಳ ಕೈ ನೋಡು. ಹೊಡ್ದೋನು ನನ್ ಮಗನೇಯ, ಒಬ್ಳನ್ನೇ ಎಲ್ಲೂ ಬಿಡಲ್ಲ. ನಾನು ಕೂಗ್ತಿರ್ತೀನಿ, ನೀನು ಮಾತಾಡು" ಎಂದು ಕಣ್ಣು ಮಿಟುಕಿಸಿದರು.

ಅವರ ಕೂಗಾಟದ ಮರೆಯಲ್ಲಿ ಸೊಸೆ ಸೆರಗು ಸರಿಸಿದಳು. ಮುಂಗೈ ಊದಿ ನೀಲಿಗಟ್ಟಿತ್ತು. "ಮನೆಗೆ ಹೋಗೋಕೆ ಭಯ ಆಗುತ್ತಾ?" ಎಂದು ಕೇಳಿದೆ. ಹೌದೆಂದು ತಲೆಯಾಡಿಸಿ, ತವರಿಗೆ ಹೋಗಬೇಕೆಂದಳು.

ಅಷ್ಟರಲ್ಲಿ ಹೊರಗಿನಿಂದ ಮಗ, "ಮೆತ್ತಗೆ ಚುಚ್ಚಿ ಕಣ್ರೀ, ನಮ್ಮವ್ವಂಗೆ ನೋಯ್ತದೆ!" ಎಂದ. ಅಳುತ್ತಿದ್ದ ಸೊಸೆಗೂ ನಗು ತಡೆಯಲಾಗಲಿಲ್ಲ.

ನನ್ನಿಂದ ವಿಷಯ ತಿಳಿದ ಡಾಕ್ಟರ್ ಪರದೆಯೊಳಗೇ ಸೊಸೆಯ ಕೈಗೆ ಚಿಕಿತ್ಸೆ ಕೊಟ್ಟರು. ಆಮೇಲೆ ಹೊರಗೆ ಬಂದು, ಅಜ್ಜಿ ಇವತ್ತು ಆಸ್ಪತ್ರೆಯಲ್ಲೇ ಇರಬೇಕು, ಜೊತೆಗೆ ಹೆಂಗಸರೇ ಬೇಕು ಎಂದು ಗಂಭೀರವಾಗಿ ಹೇಳಿ ಮಗನನ್ನು ಮನೆಗೆ ಕಳಿಸಿಬಿಟ್ಟರು. ಸೊಸೆ ನನ್ನ ಫೋನಿನಲ್ಲೇ ಮಹಿಳಾ ಸಹಾಯವಾಣಿಗೂ ತನ್ನ ಅಣ್ಣನಿಗೂ ಕರೆ ಮಾಡಿದಳು. ಸಂಜೆ ಅಣ್ಣ ಬಂದು ಅವಳನ್ನು ತವರೂರು ಯಗಟಿಗೆ ಕರೆದೊಯ್ದ. ಅಜ್ಜಿಯೂ ಸೊಸೆಯ ಹಿಂದೆಯೇ ಬಸ್ ಹತ್ತಿದರು.

ಅಂದಿನಿಂದ ಯಾವ ಹೆಂಗಸು ಯಾವ ಕಾಯಿಲೆಗೆ ಬಂದರೂ ಜೊತೆಯವರನ್ನು ಹೊರಗೆ ಕೂರಿಸಿ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎಂದು ಕೇಳುತ್ತೇನೆ. ಹೆಚ್ಚಿನವರು ನಕ್ಕು ಇಲ್ಲವೆನ್ನುತ್ತಾರೆ. ಒಬ್ಬಿಬ್ಬರು ಮಾತ್ರ ತಿರುಗಿ ಬಾಗಿಲ ಕಡೆ ನೋಡುತ್ತಾರೆ. ಆಗ ನಾನು ಎದ್ದುಹೋಗಿ ಬಾಗಿಲು ಹಾಕಿ ಬರುತ್ತೇನೆ.